ಎರಡು ತಟ್ಟು

ಮಾರ್ಚ್ 9

ಅಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಮನೆಯಲ್ಲೇ ಇದ್ದೇವೆ. ನಿಮ್ಮ ಮೊಮ್ಮಗಳು ಬಟಾಣಿ ನನ್ನ ಪಕ್ಕದಲ್ಲಿ ಮಲಗಿ ನಿದ್ದೆ ಮಾಡುತ್ತಿದ್ದಾಳೆ. ಇನ್ನು ಮುಂದಿನದನ್ನು ಕೂತುಕೊಂಡು ಓದಿ.

ಹೋದ ಮಂಗಳವಾರ ಬೆಳಿಗ್ಗೆ ಅವಳ ಮೈ ಬೆಚ್ಚಗಿತ್ತು. ಮಧ್ಯಾಹ್ನದ ಹೊತ್ತಿಗೆ ಜ್ವರ ಒಮ್ಮೆಲೇ ಏರಿ ಫಿಟ್ಸ್ ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ನಿಂತಿತ್ತು. ಮೂರು ದಿನ ಅಲ್ಲೇ ಇದ್ದೆವು. ಪರೀಕ್ಷೆಗಳೆಲ್ಲ ಆದವು, ಹೆದರುವಂಥದ್ದು ಏನೂ ಕಾಣಲಿಲ್ಲ ಎಂದರು.

ಆದರೆ ಅಪ್ಪ, ಆಸ್ಪತ್ರೆಗೆ ಹೋದ ಮಗುವೇ ಬೇರೆ, ಮನೆಗೆ ಬಂದ ಮಗುವೇ ಬೇರೆ ಅನ್ನಿಸುತ್ತಿದೆ. ನಿಮಗೆ ಗೊತ್ತಲ್ಲ, ಆಟಿಸಂ ಇರುವ ನಮ್ಮ ಬಟಾಣಿಗೆ ಐದು ವರ್ಷಕ್ಕೆ ಬಂದದ್ದು ಹತ್ತೊಂಬತ್ತು ಮಾತು. ಬೇರೆ ಮಕ್ಕಳಿಗೆ ಮಾತು ಹಲ್ಲು ಹುಟ್ಟಿದಷ್ಟು ಸುಲಭವಾಗಿ ಬರುತ್ತದೆ. ಇವಳ ಒಂದೊಂದು ಮಾತಿಗೂ ನಾವು ತಿಂಗಳುಗಟ್ಟಲೆ ಕಾದಿದ್ದೆವು. ಬಂದಂತೆಲ್ಲ ನನ್ನ ಹೊಲಿಗೆಯ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೆ. ನೀರು, ಬೇಡ, ಚಪ್ಪಲಿ, ಬಸ್ಸು, ಹೀಗೆ. ಈಗ ಅದರಲ್ಲಿ ಒಂದೂ ಇಲ್ಲ. ಚಮಚ ಹಿಡಿಯುವುದಿಲ್ಲ. ಬಿಟ್ಟುಹೋಗಿದ್ದ ಚಡ್ಡಿ ಒದ್ದೆ ಮಾಡಿಕೊಳ್ಳುವುದು ಮತ್ತೆ ಶುರುವಾಗಿದೆ. ಕರೆದರೆ ತಿರುಗುವುದಿಲ್ಲ.

ಡಾಕ್ಟರಮ್ಮ ಹೇಳಿದ್ದು ಇಷ್ಟು: "ಹೋಗಿಲ್ಲ ಕಣಮ್ಮ, ಒಳಗಡೆ ಎಲ್ಲೋ ಇದೆ. ವಾರಗಳಾಗ್ಬೋದು, ತಿಂಗಳುಗಳಾಗ್ಬೋದು. ಮಗೂಗೆ ವಿಶ್ರಾಂತಿ ಕೊಡಿ, ನೀವೂ ತಗೊಳ್ಳಿ." ಆ ಮಾತನ್ನೇ ಹಿಡಿದುಕೊಂಡು ಕೂತಿದ್ದೇನೆ. ನಿಮ್ಮ ಅಳಿಯ ನಿಮ್ಮ ಮಿಲ್ಲಿನ ಆಫೀಸಿಗೆ ಫೋನ್ ಮಾಡಿ ಹೇಳಿಸೋಣ ಎಂದರು. ಬೇಡ, ಯಾರೋ ಅಪ್ಪನ ಕಿವಿಯಲ್ಲಿ ಕೂಗಿ ಹೇಳುವುದಕ್ಕಿಂತ ನನ್ನ ಅಕ್ಷರದಲ್ಲೇ ಓದಲಿ ಎಂದೆ.

ನಿಮ್ಮ ಮಗಳು


ಮಾರ್ಚ್ 16

ಮಗಳೇ,

ನಿನ್ನ ಕಾಗದವನ್ನು ನಿಂತುಕೊಂಡೇ ಓದಿದೆ. ನೀನು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ. ಓದಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಕೂತಿದ್ದೆ.

ಮೊದಲು ಇದನ್ನು ಹೇಳು, ಹೊಟ್ಟೆಗೆ ಏನು ತಿನ್ನುತ್ತಿದ್ದಾಳೆ, ನಿದ್ದೆ ಹೇಗೆ ಮಾಡುತ್ತಿದ್ದಾಳೆ? ನೀನು ಹತ್ತೊಂಬತ್ತು ಮಾತಿನ ಲೆಕ್ಕ ಹೇಳುತ್ತೀಯ. ನಲವತ್ತು ವರ್ಷ ಮಗ್ಗಗಳ ನಡುವೆ ನಿಂತ ಈ ಕಿವಿಗೆ ಅವಳ ಒಂದು ಮಾತೂ ಬಿದ್ದಿಲ್ಲ. ಆದರೂ ಹೋದ ವರ್ಷ ನಿಮ್ಮಲ್ಲಿದ್ದ ಎರಡು ತಿಂಗಳು ನಮ್ಮಿಬ್ಬರ ವ್ಯವಹಾರ ಚೆನ್ನಾಗಿಯೇ ನಡೆದಿತ್ತು. ನೀನು ಹೊಲಿಯಲು ಕೂತರೆ ಅವಳು ಮೆಷಿನ್ ಕೆಳಗೆ, ನಾನು ಮೋಟಾರ್ ಕೂರಿಸಿದ ಮೇಲೆ ಕೆಲಸವಿಲ್ಲದೆ ಬಿದ್ದಿದ್ದ, ಕಾಲಲ್ಲಿ ತುಳಿಯುವ ಆ ಕಬ್ಬಿಣದ ಹಲಗೆಯ ಮೇಲೆ ಕೂರುತ್ತಿದ್ದಳು. ನೀನು ಹೊಲಿಗೆ ನಿಲ್ಲಿಸಿದರೆ ಮೆಷಿನ್ನಿನ ಕಬ್ಬಿಣದ ಕಾಲಿಗೆ ಎರಡು ತಟ್ಟು. ಅಂದರೆ, ಇನ್ನೂ ಹೊಲಿ. ನಾನು ಕೈ ಕೆಳಗೆ ಇಟ್ಟರೆ ನನ್ನ ಅಂಗೈಗೂ ಎರಡು ತಟ್ಟುತ್ತಿದ್ದಳು. ಅದಕ್ಕಿಂತ ಸ್ಪಷ್ಟವಾಗಿ ನನ್ನ ಮ್ಯಾನೇಜರ್ ಕೂಡ ನನಗೆ ಹುಕುಂ ಕೊಟ್ಟಿಲ್ಲ.

ಕೂಡಲೇ ಹೊರಟು ಬರಬೇಕು. ಆದರೆ ಇಲ್ಲಿ ಹೊಸ ಮಗ್ಗಗಳನ್ನು ಕೂರಿಸುತ್ತಿದ್ದಾರೆ, ಸೆಪ್ಟೆಂಬರ್ ತನಕ ರಜೆ ಎಂಬ ಮಾತೇ ಇಲ್ಲ.

ಲಕೋಟೆ ಕೊಡವಿದೆ, ಈ ಸಲ ಒಂದು ದಾರದ ಚೂರೂ ಬೀಳಲಿಲ್ಲ. ಗಡಿಬಿಡಿಯಲ್ಲಿ ಬರೆದಿರಬೇಕು. ಧೈರ್ಯವಾಗಿರು.

ನಿನ್ನಪ್ಪ


ಏಪ್ರಿಲ್ 3

ಅಪ್ಪನಿಗೆ,

ಸುಟ್ಟ ಬ್ರೆಡ್ಡಿನ ತ್ರಿಕೋನ, ಬಾಳೆಹಣ್ಣು, ಹಾಲು. ಮೊದಲು ತಿನ್ನುತ್ತಿದ್ದದ್ದರಲ್ಲಿ ಅರ್ಧ. ನಿದ್ದೆ ಪರವಾಗಿಲ್ಲ.

ನಮ್ಮ ಮನೆಯನ್ನು ನೀವು ಈಗ ನೋಡಬೇಕು. ಅಷ್ಟು ನಿಶ್ಶಬ್ದವಾಗಿದೆ, ನಿಮಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ ಬಿಡಿ. ದಿನವಿಡೀ ಬಸ್ಸಿನ ಹಾರ್ನ್ ಹೊಡೆದು ಬರುವ ನಿಮ್ಮ ಅಳಿಯ ಬಾಗಿಲಲ್ಲೇ ಬೂಟು ಬಿಚ್ಚಿ ಕಳ್ಳನ ಹಾಗೆ ಒಳಗೆ ಬರುತ್ತಾರೆ. ಕುಕ್ಕರ್ ಕೂಗುವ ಮೊದಲೇ ನಾನು ಇಳಿಸಿಬಿಡುತ್ತೇನೆ. ಅರೆಬೆಂದದ್ದನ್ನು ಇಬ್ಬರೂ ಕಮಕ್ ಕಿಮಕ್ ಅನ್ನದೆ ತಿನ್ನುತ್ತೇವೆ. ಕರೆಗಂಟೆಯ ತಂತಿಯನ್ನೂ ಕಿತ್ತಿಟ್ಟಿದ್ದೇವೆ.

ಇನ್ನೊಂದು ಕೆಲಸ ಮಾಡಿದ್ದೇನೆ, ನೀವು ಮೆಚ್ಚುತ್ತೀರಿ. ಮತ್ತೆ ಫಿಟ್ಸ್ ಬಂದು ಬಿದ್ದರೆ ತಲೆಗೆ ಪೆಟ್ಟಾಗಬಾರದಲ್ಲ. ಅದಕ್ಕೆ ಮನೆಯ ಮೂಲೆ ಮೊನೆಗಳಿಗೆಲ್ಲ ಹತ್ತಿ ತುಂಬಿದ ಅಂಗಿ ತೊಡಿಸಿದ್ದೇನೆ. ಮೇಜಿನ ನಾಲ್ಕು ಮೂಲೆ, ಮಂಚದ ಕಾಲು, ಕಿಟಕಿಯ ಚಿಲಕ, ಬಾಗಿಲ ಅಂಚು, ಎಲ್ಲಕ್ಕೂ ಅಳತೆ ತೆಗೆದು ಕೈಹೊಲಿಗೆ ಹಾಕಿ, ಹಿಂದೆ ಲಾಡಿ ಕಟ್ಟಿದ್ದೇನೆ. ಹೊಲಿಗೆಯವಳ ಮನೆಯ ಮಂಚಕ್ಕೂ ಪೈಜಾಮ ಎಂದು ನಿಮ್ಮ ಅಳಿಯ ನಕ್ಕರು. ನಗಲಿ.

ಬಟಾಣಿ ಹಾಗೇ ಇದ್ದಾಳೆ. ಮೊದಲು ಬೆಳಿಗ್ಗೆ ಎದ್ದವಳು ಬಾಗಿಲ ಅಂಚು, ಚಿಲಕ, ಮೇಜಿನ ಮೂಲೆ ಎಂದು ಒಂದೊಂದನ್ನೂ ಬೆರಳಲ್ಲಿ ಮುಟ್ಟುತ್ತಾ ಮನೆ ಸುತ್ತುತ್ತಿದ್ದಳು. ಅದೂ ನಿಂತಿದೆ. ಈಗ ಅವಳ ದಿನವೆಲ್ಲ ಫ್ರಿಜ್ಜಿನ ಪಕ್ಕದಲ್ಲಿ ಕಳೆಯುತ್ತದೆ. ಅದಕ್ಕೆ ಹಣೆ ಒತ್ತಿಕೊಂಡು, ಎರಡೂ ಕೈಯಲ್ಲಿ ಅಪ್ಪಿಕೊಂಡು ನಿಂತಿರುತ್ತಾಳೆ. ನಮ್ಮೆಲ್ಲರನ್ನೂ ಬಿಟ್ಟು ಫ್ರಿಜ್ಜನ್ನು ಅಪ್ಪಿದ್ದಾಳೆ. ತಣ್ಣಗಿನದಕ್ಕೆ ಒರಗಿದರೆ ನೆಗಡಿಯಾದೀತು ಎಂದು ಎತ್ತಿಕೊಂಡು ಬರುತ್ತೇನೆ. ಮತ್ತೆ ಹೋಗುತ್ತಾಳೆ.

ನಿಮ್ಮ ಮಗಳು


ಏಪ್ರಿಲ್ 10

ಮಗಳೇ,

ಮೆಷಿನ್ ಎಲ್ಲಿ?

ನಿನ್ನ ಕಾಗದ ಬಂದಾಗಲೆಲ್ಲ ನಾನು ಮಾಡುವ ಮೊದಲ ಕೆಲಸ ಲಕೋಟೆಯನ್ನು ಹಾಸಿಗೆಯ ಮೇಲೆ ಕೊಡವುವುದು. ನೀನು ಮೆಷಿನ್ ಮೇಲೇ ಹಾಳೆ ಇಟ್ಟು ಬರೆಯುವವಳು. ಮದುವೆಯಾಗಿ ಹೋದಾಗಿನಿಂದ ದಾರವಿಲ್ಲದ ಕಾಗದ ನಿನ್ನಿಂದ ಬಂದದ್ದಿಲ್ಲ. ಯಾವ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದೀಯ ಎಂದು ನಾನು ದಾರದ ಬಣ್ಣದಲ್ಲೇ ಹೇಳಬಲ್ಲೆ. ಈಗ ಎರಡು ಲಕೋಟೆ ಚೊಕ್ಕವಾಗಿ ಬಂದಿವೆ. ಮಂಚದ ಪೈಜಾಮಕ್ಕೂ ಕೈಹೊಲಿಗೆ ಹಾಕಿದೆ ಎನ್ನುತ್ತೀಯ. ಮೋಟಾರ್ ಇರುವ ಮೆಷಿನ್ ಇಟ್ಟುಕೊಂಡು ಯಾರಾದರೂ ಹಾಗೆ ಮಾಡುತ್ತಾರೆಯೇ?

ನಮ್ಮ ಮಗ್ಗ ರಿಪೇರಿಯ ಕೆಲಸದಲ್ಲಿ ನಾನು ಹೊಸಬರಿಗೆ ಮೊದಲು ಹೇಳುವುದು ಒಂದೇ. ಕೆಟ್ಟಿರುವುದನ್ನು ಹುಡುಕುವ ಮೊದಲು, ನಿಂತಿರುವುದು ಯಾವುದು ನೋಡು. ನಿಮ್ಮ ಮನೆಯಲ್ಲಿ ಎಲ್ಲವನ್ನೂ ನಿಲ್ಲಿಸಿದ್ದೀರಿ. ನಡೆಯುತ್ತಿರುವುದು ಫ್ರಿಜ್ಜೊಂದೇ. ಮಗು ಅಲ್ಲಿ ಹೋಗಿ ನಿಂತಿದೆ. ತಣ್ಣಗಿದೆ ಎಂದಲ್ಲ, ಅದುರುತ್ತದೆ ಎಂದು. ಒಮ್ಮೆ ನಿನ್ನ ಹಣೆಯನ್ನೂ ಇಟ್ಟು ನೋಡು.

ಮೆಷಿನನ್ನು ಏನು ಮಾಡಿದೆ, ಏಕೆ ಮಾಡಿದೆ, ನಿಜ ಬರೆ.

ನಿನ್ನಪ್ಪ


ಏಪ್ರಿಲ್ 22

ಅಪ್ಪನಿಗೆ,

ನಿಮ್ಮ ಕಾಗದ ಓದಿ ಸಿಟ್ಟು ಬಂತು. ದೂರದಲ್ಲಿ ಕೂತು ದಾರ ಎಣಿಸುವುದು ಸುಲಭ ಎಂದುಕೊಂಡೆ. ಅದಕ್ಕೇ ಒಂದು ವಾರ ಉತ್ತರ ಬರೆಯಲಿಲ್ಲ.

ಮೆಷಿನ್ ಇದ್ದಲ್ಲೇ ಇದೆ. ಮೇಲೆ ಬೆಡ್‌ಶೀಟ್ ಹೊದೆಸಿದ್ದೇನೆ. ಒಪ್ಪಿಕೊಂಡಿದ್ದ ಯೂನಿಫಾರಂ ಬಟ್ಟೆಯನ್ನೆಲ್ಲ ವಾಪಸ್ಸು ಕೊಟ್ಟೆ. ವಿಶ್ರಾಂತಿ ಎಂದರೆ ಸದ್ದಿಲ್ಲದಿರುವುದು ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನಿಮ್ಮ ಅಳಿಯನಿಗೂ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ಆ ಮಧ್ಯಾಹ್ನ ನಾನು ಹೊಲಿಯುತ್ತಿದ್ದೆ. ಅವಳು ನನ್ನ ಕಾಲ ಬಳಿಯೇ ಹಲಗೆಯ ಮೇಲೆ ಕೂತಿದ್ದಳು. ಒಂದು ಪ್ಯಾಂಟಿನ ಉದ್ದ ಹೊಲಿಗೆ ಮುಗಿಸಿ ಮೆಷಿನ್ ನಿಲ್ಲಿಸಿದೆ. ಎರಡು ತಟ್ಟು ಬರಲಿಲ್ಲ. ಕಾದೆ, ಬರಲಿಲ್ಲ. ಬಗ್ಗಿ ನೋಡಿದರೆ ಅವಳು ಅಡ್ಡ ಬಿದ್ದು ಅದುರುತ್ತಿದ್ದಳು. ನನ್ನ ಕಾಲಿನ ಪಕ್ಕದಲ್ಲಿ, ಅಪ್ಪ. ಮೆಷಿನ್ ಸದ್ದಿನಲ್ಲಿ ನನಗೆ ಏನೂ ಗೊತ್ತಾಗಲಿಲ್ಲ. ಆಮೇಲೆ ಎರಡು ಸಲ ಬೆಡ್‌ಶೀಟ್ ತೆಗೆದೆ, ಸ್ವಿಚ್ಚಿನ ಮೇಲೆ ಕೈ ಇಟ್ಟೆ, ಹಾಕಲು ಆಗಲಿಲ್ಲ.

ಫ್ರಿಜ್ಜಿಗೆ ಹಣೆ ಇಟ್ಟು ನೋಡಿದೆ. ನೀವು ಹೇಳಿದ್ದು ಸರಿ. ನಾನು ಪಕ್ಕದಲ್ಲಿ ಹಾಗೆ ನಿಂತಾಗ ಅವಳು ಒಂದು ಹೆಜ್ಜೆ ಸರಿದು ನನಗೆ ಜಾಗ ಬಿಟ್ಟಳು.

ಮಗಳು


ಏಪ್ರಿಲ್ 28

ಮಗಳೇ,

ಇದನ್ನು ನಿನ್ನ ಗಂಡನಿಗೂ ಓದಿ ಹೇಳು. ಬಚ್ಚಿಟ್ಟುಕೊಂಡು ಒಬ್ಬಳೇ ಹೊರುವಂಥದ್ದಲ್ಲ ಅದು.

ಅವಳು ಆಗ ಬೇರೆ ಕೋಣೆಯಲ್ಲಿದ್ದಿದ್ದರೆ ನಿನಗೆ ಯಾವಾಗ ಗೊತ್ತಾಗುತ್ತಿತ್ತು? ಅವಳು ಮೆಷಿನ್ ಕೆಳಗಿದ್ದಳು, ಒಂದು ಪ್ಯಾಂಟಿನ ಹೊಲಿಗೆಯಷ್ಟು ಹೊತ್ತಿನಲ್ಲಿ ಗೊತ್ತಾಯಿತು. ತಟ್ಟು ಬರಲಿಲ್ಲ ಎಂದು ತಾನೇ ನೀನು ಬಗ್ಗಿದ್ದು? ಮೆಷಿನ್ ನಿನ್ನಿಂದ ಏನನ್ನೂ ಮುಚ್ಚಿಡಲಿಲ್ಲ, ತನಗೆ ಗೊತ್ತಿದ್ದ ಹಾಗೆ ಹೇಳಿತು. ನಿನ್ನ ತಪ್ಪಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ ಎಂದು ನಿನ್ನಮ್ಮ ಸಾಯುವವರೆಗೂ ಹೇಳುತ್ತಿದ್ದಳು.

ಮೊದಲು ಡಾಕ್ಟರಮ್ಮನನ್ನು ಕೇಳು. ಅವರು ಆಗಲಿ ಎಂದರೆ, ಹರಕು ಬಟ್ಟೆಯ ಮೇಲೆ ದಿನಕ್ಕೆ ಒಂದು ಬಾಬಿನ್ ದಾರದಷ್ಟು ಹೊಲಿ. ಅವಳನ್ನು ಕರೆಯಬೇಡ, ಬಂದರೆ ಬರಲಿ. ಮಂಚದ ಕಾಲುಗಳ ಹತ್ತಿ ಹಾಗೇ ಇರಲಿ, ಅದು ಒಳ್ಳೆಯ ಕೆಲಸವೇ. ಬೆರಳಿಗೆ ಸಿಗುವ ಚಿಲಕ, ಬಾಗಿಲ ಅಂಚುಗಳ ಅಂಗಿ ಬಿಚ್ಚು. ಅವಳು ಮನೆಯನ್ನು ಓದುವುದೇ ಬೆರಳಲ್ಲಿ. ಅಕ್ಷರಕ್ಕೆಲ್ಲ ಹತ್ತಿ ಸುತ್ತಿಟ್ಟರೆ ಏನು ಓದುತ್ತಾಳೆ?

ನೀನು ನಿಜ ಬರೆದೆ, ನಾನೂ ಬರೆಯುತ್ತೇನೆ. ನಾನು ಬರದಿರುವುದಕ್ಕೆ ಹೊಸ ಮಗ್ಗಗಳು ಅರ್ಧ ಕಾರಣ. ಬಂದಾಗ ಅವಳು ನನ್ನ ಕೈಯನ್ನು ತಳ್ಳಿಬಿಟ್ಟರೆ ಎಂಬ ಹೆದರಿಕೆ ಇನ್ನರ್ಧ. ನಿಮಗೆಲ್ಲ ಅವಳ ಹತ್ತೊಂಬತ್ತು ಮಾತಿದ್ದವು. ನನಗಿದ್ದದ್ದು ಆ ತಟ್ಟೊಂದೇ.

ನಿನ್ನಪ್ಪ


ಮೇ 21

ಅಪ್ಪನಿಗೆ,

ನಿಮ್ಮ ಅಳಿಯನಿಗೆ ಹೇಳಿದೆ. ಅವರು ಎದ್ದು ಹೋಗಿ ಮೆಷಿನ್ ಮೇಲಿನ ಬೆಡ್‌ಶೀಟ್ ತೆಗೆದು ಮಡಿಸಿಟ್ಟರು, ಆಮೇಲೆ ಕರೆಗಂಟೆಯ ತಂತಿ ಸೇರಿಸಿದರು. ಡಾಕ್ಟರಮ್ಮನಿಗೂ ಹೇಳಿದೆ. "ನಾನು ವಿಶ್ರಾಂತಿ ಅಂದೆ ಕಣಮ್ಮ, ಮೌನವ್ರತ ಅನ್ನಲಿಲ್ಲ," ಎಂದು ನಕ್ಕರು. ಮಗುವಿಗೆ ರೂಢಿಯಿದ್ದದ್ದನ್ನೆಲ್ಲ ಮೆಲ್ಲಮೆಲ್ಲಗೆ ವಾಪಸ್ಸು ಕೊಡಿ ಎಂದರು.

ಸ್ವಿಚ್ ಹಾಕಿಯೇಬಿಟ್ಟೆ. ಮೊದಲ ದಿನದ ಹೊಲಿಗೆ ಕುಡುಕನ ನಡಿಗೆಯಂತಿತ್ತು. ಅವಳು ಬರಲಿಲ್ಲ. ಎರಡನೆಯ ದಿನ, ಮೂರನೆಯ ದಿನ ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕನೆಯ ದಿನ ಬಂದು ಹಲಗೆಯ ಮೇಲೆ ಕೂತಳು, ತಕ್ಷಣ ಎದ್ದು ಫ್ರಿಜ್ಜಿನ ಹತ್ತಿರ ಹೋದಳು. ನಿಮ್ಮ ಮದ್ದು ಕೈಕೊಟ್ಟಿತು ಎಂದುಕೊಂಡೆ.

ಈಗ ತಪ್ಪೊಪ್ಪಿಗೆ. ನೀವು ಬಿಚ್ಚು ಎಂದ ಅಂಗಿಗಳನ್ನೆಲ್ಲ ಬಿಚ್ಚಿದ್ದೆ. ಆದರೆ ಆ ಹಲಗೆಗೆ ಮಾತ್ರ ದಪ್ಪಗೆ ಹತ್ತಿ ತುಂಬಿದ ಹೊಸ ದಿಂಬು ಹೊಲಿದು, ನಾಲ್ಕು ಕಡೆ ಲಾಡಿ ಬಿಗಿದಿದ್ದೆ. ಮನಸ್ಸು ಕೇಳಲಿಲ್ಲ, ಏನು ಮಾಡಲಿ? ಎಂಟನೆಯ ದಿನ ಅವಳು ಬಂದು ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಲಾಡಿಯನ್ನು ಎಳೆಯತೊಡಗಿದಳು. ಗಂಟು ಬಿಚ್ಚುವುದು ಅವಳಿಗೆ ಈ ಮೊದಲು ಎಂದೂ ಬಂದದ್ದಲ್ಲ. ಅರ್ಧ ಗಂಟೆ ಹಿಡಿಯಿತು. ನಾನು ಹೊಲಿಯುವುದನ್ನು ನಿಲ್ಲಿಸಲಿಲ್ಲ, ಬಗ್ಗಲಿಲ್ಲ, ಉಸಿರೂ ಬಿಟ್ಟೆನೋ ಇಲ್ಲವೋ. ನಾಲ್ಕೂ ಗಂಟು ಬಿಚ್ಚಿ ದಿಂಬನ್ನು ಎಳೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಬಿಸಾಕಿ ಬಂದು, ಬರೀ ಕಬ್ಬಿಣದ ಮೇಲೆ ಕೂತು ಬೆನ್ನು ಒರಗಿಸಿದಳು. ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು, ದಿನದ ಕೆಲಸ ಮುಗಿಸಿ ಬಂದವರ ಹಾಗೆ.

ತಟ್ಟು ಇನ್ನೂ ಬಂದಿಲ್ಲ. ನಾನು ನಿಲ್ಲಿಸಿದರೆ ಅವಳು ಸುಮ್ಮನೆ ಕಾಯುತ್ತಾಳೆ. ನಾನು ಪ್ರತಿ ಹೊಲಿಗೆಗೂ ಬಗ್ಗಿ ನೋಡುತ್ತೇನೆ. ಕುತ್ತಿಗೆ ನೋವು ಬಂದಿದೆ. ಆದರೂ ಸಂತೋಷವಾಗಿದ್ದೇನೆ, ಅಪ್ಪ. ಇದನ್ನು ಮೆಷಿನ್ ಮೇಲೆ ಬರೆಯುತ್ತಿದ್ದೇನೆ.

ನಿಮ್ಮ ಮಗಳು


ಮೇ 28

ಮಗಳೇ,

ಮೂರು ದಾರ ಬಿದ್ದವು. ಒಂದು ನೀಲಿ, ಒಂದು ಬಿಳಿ, ಇನ್ನೊಂದು ಬೂದಿಯೋ ಹಸಿರೋ ಗೊತ್ತಾಗಲಿಲ್ಲ. ಕನ್ನಡಕ ಒರೆಸಿಕೊಂಡು ನೋಡಿದರೂ ಮಂಜುಮಂಜಾಗಿಯೇ ಇತ್ತು. ಅದು ಕನ್ನಡಕದ ತಪ್ಪಲ್ಲ.

ಬಚ್ಚಿಟ್ಟ ದಿಂಬಿಗೆ ನಿನ್ನನ್ನು ಬೈಯಬೇಕಿತ್ತು, ಮಗುವೇ ಆ ಕೆಲಸ ಮಾಡಿದ್ದರಿಂದ ಬಿಟ್ಟಿದ್ದೇನೆ. ಗಂಟು ಬಿಚ್ಚುವುದನ್ನು ನಿನ್ನ ಅಳತೆ ಪುಸ್ತಕದಲ್ಲಿ ಬರೆದುಕೋ. ಹೋದದ್ದರ ಪಟ್ಟಿ ಇಟ್ಟವಳು ಬಂದದ್ದರ ಪಟ್ಟಿಯನ್ನೂ ಇಡಬೇಕು.

ನಿನ್ನಪ್ಪ


ಜುಲೈ 30

ಅಪ್ಪನಿಗೆ,

ತಡವಾಯಿತು. ಶಾಲೆಗಳ ಬಟ್ಟೆ ಮತ್ತೆ ಒಪ್ಪಿಕೊಂಡಿದ್ದೇನೆ, ಕತ್ತೆಯಂತೆ ದುಡಿಯುತ್ತಿದ್ದೇನೆ. ನಿಮಗೆ ಅರ್ಥವಾಗದ ಆ ಮೂರನೆಯ ಬಣ್ಣ ಬೂದಿ.

ಜೂನ್ ಹನ್ನೊಂದಕ್ಕೆ ತಟ್ಟು ಬಂತು. ನಾನು ಆಗ ತಟ್ಟನ್ನು ಕಾಯುತ್ತಲೇ ಇರಲಿಲ್ಲ. ದಾರ ತುಂಡಾಗಿ ಸೂಜಿಗೆ ಪೋಣಿಸುತ್ತಿದ್ದೆ. ಕೆಳಗಿನಿಂದ ಟಕ್ ಟಕ್. ನನಗೆ ದಾರ ಪೋಣಿಸಲಿಕ್ಕೇ ಆಗಲಿಲ್ಲ, ಮತ್ತೆ ತಟ್ಟಿದಳು, ಬೇಗ ಮಾಡು ಎಂಬಂತೆ. ಅಳುತ್ತಲೇ ಹೊಲಿದೆ.

ಅದಾದ ಮೇಲೆ ಮಾತುಗಳು ಬರತೊಡಗಿವೆ. ಮೊದಲು ಕಲಿತ ವರಸೆಯಲ್ಲಲ್ಲ, ತಮಗೆ ತೋಚಿದ ಹಾಗೆ. ಮೊದಲು ಬಂದದ್ದು "ಬೇಡ." ಅದು ಬಂದ ದಿನ ನಲವತ್ತು ಸಲ ಹೇಳಿದಳು. ಮನೆಯಲ್ಲಿ ಯಾರಿಗೂ ಬೇಸರವಾಗಲಿಲ್ಲ. ಈವರೆಗೆ ಹನ್ನೆರಡು ಬಂದಿವೆ. ಚಮಚ ಹಿಡಿದಿದ್ದಾಳೆ. ಚಡ್ಡಿ ವಾರಕ್ಕೊಮ್ಮೆ ಒದ್ದೆ, ಅಷ್ಟೇ. ಬೆಳಗಿನ ಸುತ್ತು ಮತ್ತೆ ಶುರುವಾಗಿದೆ, ಫ್ರಿಜ್ಜನ್ನೂ ಅದರಲ್ಲಿ ಸೇರಿಸಿಕೊಂಡಿದ್ದಾಳೆ, ಕಷ್ಟಕಾಲದ ಗೆಳೆಯನನ್ನು ಮರೆತಿಲ್ಲ. ಮಧ್ಯೆ ಒಮ್ಮೆ ಜ್ವರ ಬಂತು. ಎರಡು ದಿನ ಮಾತು ಮತ್ತೆ ನಿಂತಿತು. ಔಷಧಿ ಕೊಟ್ಟೆವು, ಫಿಟ್ಸ್ ಬರಲಿಲ್ಲ. ಮೂರನೆಯ ದಿನ "ನೀರು" ಎಂದಳು. ಹೀಗೆ ಮತ್ತೆಯೂ ಆಗಬಹುದಂತೆ, ಪ್ರತಿ ಸಲವೂ ಆಕಾಶ ತಲೆ ಮೇಲೆ ಬಿದ್ದಂತೆ ಮಾಡಬೇಡಿ ಎಂದಿದ್ದಾರೆ ಡಾಕ್ಟರಮ್ಮ.

ಮೆಷಿನ್ನಿನಿಂದಲೇ ಆಯಿತೇ ಎಂದು ಅವರನ್ನು ಕೇಳಿದೆ. ತಾನಾಗಿಯೇ ಬರುವ ಕಾಲವೂ ಬಂದಿತ್ತು ಎಂದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿರಬಹುದು. ಇರಲಿ, ಯಾರ ಪುಣ್ಯವೋ. ಸೆಪ್ಟೆಂಬರಿನಲ್ಲಿ ನೀವು ಬರಬೇಕು. ಇನ್ನು ಮಗ್ಗದ ನೆಪ ಹೇಳಿದರೆ ನಾನೇ ಬಂದು ಮ್ಯಾನೇಜರನ್ನು ಕಾಣುತ್ತೇನೆ.

ನಿಮ್ಮ ಮಗಳು


ಸೆಪ್ಟೆಂಬರ್ 25

ಮಗಳೇ,

ಸುಖವಾಗಿ ಬಂದು ತಲುಪಿದೆ. ಹತ್ತು ದಿನ ಚೆನ್ನಾಗಿ ನೋಡಿಕೊಂಡಿರಿ. ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಮೊದಲ ನಾಲ್ಕು ದಿನ ಅವಳು ನನ್ನ ಕಡೆ ತಿರುಗಿ ನೋಡಲಿಲ್ಲ. ಮೆಷಿನ್ ಪಕ್ಕದಲ್ಲಿ ಅಂಗೈ ಕೆಳಗಿಟ್ಟು ಕೂತೆ, ಒಂದು ತಟ್ಟೂ ಬೀಳಲಿಲ್ಲ. ನೀನು ನೋಡಿಯೂ ನೋಡದವಳ ಹಾಗೆ ಇದ್ದೆ. ನಾನು ಬೆನ್ನುನೋವು ಎಂದು ಹೇಳಿ ಎದ್ದು ಹೋದೆ. ಬೆನ್ನು ಚೆನ್ನಾಗಿಯೇ ಇತ್ತು.

ಐದನೆಯ ದಿನ ನೀನು ಬಟ್ಟೆ ಕೊಟ್ಟು ಬರಲು ಶಾಲೆಗೆ ಹೋದೆಯಲ್ಲ, ಮೆಷಿನ್ನಿಗೆ ಎಣ್ಣೆ ಹಾಕಲು ನಾನು ಕೂತೆ. ಅವಳು ಯಾವಾಗ ಬಂದು ಹಲಗೆಯ ಮೇಲೆ ಕೂತಳೋ ಗೊತ್ತಿಲ್ಲ. ನನ್ನ ಮೊಣಕಾಲ ಕೆಳಗೆ ಎರಡು ತಟ್ಟು. ನನಗೆ ಮಗ್ಗ ಬಿಚ್ಚಿ ಜೋಡಿಸಲು ಬರುತ್ತದೆಯೇ ಹೊರತು ಹೊಲಿಯಲು ಎಲ್ಲಿ ಬರುತ್ತದೆ? ಮತ್ತೆ ತಟ್ಟಿದಳು. ಕೈಗೆ ಸಿಕ್ಕ ಬಟ್ಟೆ ಎಳೆದುಕೊಂಡು ಹೊಲಿದೆ. ನಿಲ್ಲಿಸಿದರೆ ತಟ್ಟು, ಹೊಲಿದೆ, ತಟ್ಟು, ಹೊಲಿದೆ. ಬಾಬಿನ್ ಖಾಲಿಯಾಗುವವರೆಗೂ ನಡೆಯಿತು. ಅವಳು ಬಾಯಲ್ಲಿ ಏನಾದರೂ ಹೇಳಿದಳೋ ಏನೋ, ನನಗೆ ತಿಳಿಯದು.

ಆಮೇಲೆ ನೋಡಿದರೆ ನಾನು ಹೊಲಿದದ್ದು ಹರಕು ಬಟ್ಟೆಯಲ್ಲ, ಯೂನಿಫಾರಂ ಪ್ಯಾಂಟಿನ ಒಂದು ಕಾಲು. ಅಡ್ಡ, ಉದ್ದ, ಮೂಲೆಗೆ ಮೂಲೆ. ಇರುವೆಯೂ ಒಳಗೆ ಹೋಗುವ ಹಾಗಿರಲಿಲ್ಲ. ಮಡಿಸಿ ರಾಶಿಯ ಅಡಿಗೆ ತುರುಕಿದೆ. ಯಾರು ಮಾಡಿದ್ದು ಎಂದು ನೀನು ಊರೆಲ್ಲ ಕೇಳುವಂತೆ ಕೂಗಿದ್ದು ನಿನ್ನ ಬಾಯಿ ನೋಡಿಯೇ ಗೊತ್ತಾಯಿತು. ನಿನ್ನ ಗಂಡನ ಮೇಲೆ ಅನುಮಾನ ಹೋದಾಗ ನಾನು ಪೇಪರ್ ಓದುತ್ತಿದ್ದೆ. ಅವರಿಗೆ ನನ್ನ ಕ್ಷಮಾಪಣೆ ತಿಳಿಸು.

ನಿನ್ನಪ್ಪ


ಅಕ್ಟೋಬರ್ 4

ಅಪ್ಪನಿಗೆ,

ನಿಮ್ಮ ಅಳಿಯನಿಗೆ ತಿಳಿಸಿದೆ. ಮಾವನವರು ಇಷ್ಟು ಕಿಲಾಡಿ ಎಂದು ಗೊತ್ತಿರಲಿಲ್ಲ ಎಂದರು. ಎರಡು ದಿನ ಮಾತು ಬಿಟ್ಟಿದ್ದಕ್ಕೆ ನಾನೂ ಅವರ ಕ್ಷಮೆ ಕೇಳಬೇಕಾಯಿತು.

ಮೊನ್ನೆ ಆ ಪ್ಯಾಂಟನ್ನು ಬಿಚ್ಚಲು ಕೂತೆ. ಅದಕ್ಕೆ ಬೇರೆ ಬಟ್ಟೆ ಎಲ್ಲಿಂದ ತರಲಿ ಎಂದು ಗೊಣಗುತ್ತಾ ಬ್ಲೇಡು ತೆಗೆದುಕೊಂಡೆ. ಬಟಾಣಿ ಬಂದು ಅದನ್ನು ನನ್ನ ತೊಡೆಯಿಂದ ಎಳೆದುಕೊಂಡಳು. ಹಲಗೆಯ ಮೇಲೆ ಕೂತು ಆ ಸೊಟ್ಟಪಟ್ಟ ಹೊಲಿಗೆಯ ಮೇಲೆ ಬೆರಳು ಆಡಿಸಿದಳು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಬಾಗಿಲ ಅಂಚನ್ನು ಮುಟ್ಟುವ ಹಾಗೆ. ಕೊನೆಗೆ ಅದನ್ನು ಎರಡು ಸಲ ತಟ್ಟಿ, "ತಾತ" ಎಂದಳು.

ಆ ಹತ್ತೊಂಬತ್ತರಲ್ಲಿ ಅದು ಇರಲಿಲ್ಲ, ಅಪ್ಪ. ನಾವು ಯಾರೂ ಕಲಿಸಿದ್ದಲ್ಲ. ನೀವು ಎದುರಿಗೇ ಕೂತಿದ್ದರೂ ನಿಮಗೆ ಕೇಳಿಸುತ್ತಿರಲಿಲ್ಲ, ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅಳತೆ ಪುಸ್ತಕದಲ್ಲೂ ಬರೆದಾಯಿತು.

ಶಾಲೆಗೆ ಹೊಸ ಪ್ಯಾಂಟು ಹೊಲಿದು ಕೊಟ್ಟೆ. ನೀವು ಹೊಲಿದದ್ದನ್ನು ಬಿಚ್ಚಲಿಲ್ಲ.

ನಿಮ್ಮ ಮಗಳು